ಉಲ್ಲೇಖವೆಂಬ ವಿಳಾಸ

ಬೆಂಗಳೂರಿನಲ್ಲಿ ನಾಗಸಂದ್ರ ಎಂಬ ಹೆಸರು ಒಂದೇ ಕಡೆ ಇಲ್ಲ. ತುಮಕೂರು ರಸ್ತೆಯಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕ ಒಂದು ನಾಗಸಂದ್ರವಿದೆ. ಬಸವನಗುಡಿಯ ಕಡೆ ನಾಗಸಂದ್ರ ವೃತ್ತವಿದೆ. ಲಕೋಟೆಯ ಮೇಲೆ ‘ನಾಗಸಂದ್ರ, ಬೆಂಗಳೂರು’ ಎಂದಷ್ಟೇ ಬರೆದರೆ ಅಂಚೆಯವರು ಯೋಚಿಸಬೇಕಾಗುತ್ತದೆ. ‘ತುಮಕೂರು ರಸ್ತೆ, 560073’ ಎಂದು ಸೇರಿಸಿದರೆ ಕಾಗದ ನೇರವಾಗಿ ತಲುಪುತ್ತದೆ. ಸಂಶೋಧನ ಪ್ರಬಂಧದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಉಲ್ಲೇಖಗಳ ಪಟ್ಟಿಯೂ ಇಂಥ ವಿಳಾಸಗಳ ಪಟ್ಟಿಯೇ. ಲೇಖಕರ ಹೆಸರು, ಪತ್ರಿಕೆಯ ಹೆಸರು, ಸಂಪುಟ, ಮೊದಲ ಪುಟ, ವರ್ಷ ಇವೆಲ್ಲ ಸೇರಿ ಓದುಗರನ್ನು ಮೂಲ ಬರಹದ ಬಾಗಿಲಿಗೆ ಕರೆದೊಯ್ಯುತ್ತವೆ.

ಹಸ್ತಪ್ರತಿ ಸಿದ್ಧಪಡಿಸುವ ವಿದ್ಯಾರ್ಥಿಗಳಲ್ಲಿ ಹಲವರು ಈ ಪಟ್ಟಿಯನ್ನು ಕಟ್ಟಕಡೆಗೆ, ಅವಸರದಲ್ಲಿ ಮಾಡುತ್ತಾರೆ. ಅಲ್ಪವಿರಾಮ ಎಲ್ಲಿ, ದಪ್ಪಕ್ಷರ ಎಲ್ಲಿ ಎಂಬುದರಲ್ಲೇ ಅವರ ಗಮನ. ಆದರೆ ಈ ರೂಪಗಳು ಪತ್ರಿಕೆಯಿಂದ ಪತ್ರಿಕೆಗೆ ಬದಲಾಗುತ್ತವೆ. ಪಠ್ಯದ ನಡುವೆ ಕಂಸದಲ್ಲಿ ಲೇಖಕರ ಹೆಸರನ್ನೂ ವರ್ಷವನ್ನೂ ಕೊಡುವ ಪದ್ಧತಿಯ ಮೂಲವನ್ನು ಹಾರ್ವರ್ಡ್‌ನ ಪ್ರಾಣಿವಿಜ್ಞಾನಿ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗುರುತಿಸುತ್ತಾರೆ. ಆ ಪ್ರಬಂಧದ ವಿಷಯ ಚಿಪ್ಪಿಲ್ಲದ ಬಸವನಹುಳುವಿನ ಬೆಳವಣಿಗೆ! ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ ಒಂದು ಸಮಾನ ರೂಪವನ್ನು ಒಪ್ಪಿಕೊಂಡರು. ಅದರಲ್ಲಿ ಉಲ್ಲೇಖಗಳಿಗೆ ಕ್ರಮಸಂಖ್ಯೆ. ಭೌತವಿಜ್ಞಾನದ ಪತ್ರಿಕೆಗಳೂ ಬಹುಮಟ್ಟಿಗೆ ಕ್ರಮಸಂಖ್ಯೆಯನ್ನೇ ಬಳಸುತ್ತವೆ. ರೂಪ ಯಾವುದೇ ಇರಲಿ, ಒಳಗಿರುವ ವಿಳಾಸ ಒಂದೇ. ಆ ವಿಳಾಸದ ಒಂದೊಂದು ಭಾಗಕ್ಕೂ ಏನು ಬೆಲೆ ಎಂಬುದನ್ನು ಬೆಂಗಳೂರಿನ ಭೌತವಿಜ್ಞಾನದ ಚರಿತ್ರೆಯ ಎರಡು ಪ್ರಸಂಗಗಳಲ್ಲಿ ನೋಡೋಣ.

ಮೊದಲನೆಯದು ಎಸ್. ಪಂಚರತ್ನಂ ಅವರದು. ಸಿ.ವಿ. ರಾಮನ್ ಅವರ ಸೋದರಿಯ ಮಗನಾದ ಇವರು ರಾಮನ್ ಸಂಶೋಧನ ಸಂಸ್ಥೆಯಲ್ಲಿದ್ದಾಗ, 22ರ ವಯಸ್ಸಿನಲ್ಲಿ, ಧ್ರುವೀಕೃತ ಬೆಳಕಿನ ವ್ಯತಿಕರಣವನ್ನು ಕುರಿತು ಒಂದು ಪ್ರಬಂಧ ಬರೆದರು. ಬೆಳಕಿನ ಧ್ರುವೀಕರಣದ ಸ್ಥಿತಿಗಳನ್ನು ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಬಹುದು. ಬೆಳಕು ಅಂಥ ಮೂರು ಸ್ಥಿತಿಗಳನ್ನು ಹಾದು ಮೊದಲಿನ ಸ್ಥಿತಿಗೇ ಮರಳಿದರೂ, ಅದರ ತರಂಗದ ಫೇಸ್ ಮೊದಲಿನಂತೆ ಇರುವುದಿಲ್ಲ. ಬಂದ ವ್ಯತ್ಯಾಸ, ಆ ಮೂರು ಬಿಂದುಗಳು ಗೋಳದ ಮೇಲೆ ರಚಿಸುವ ತ್ರಿಕೋನದ ಘನಕೋನದ ಅರ್ಧದಷ್ಟು. ಇದು ಅವರು ಕಂಡುಕೊಂಡ ಸಂಗತಿ. ಪ್ರಬಂಧ ಅಚ್ಚಾದದ್ದು ಭಾರತೀಯ ವಿಜ್ಞಾನ ಅಕಾಡೆಮಿಯ ‘ಪ್ರೊಸೀಡಿಂಗ್ಸ್’ನ ಎ ವಿಭಾಗ, ಸಂಪುಟ 44, ಪುಟ 247, ವರ್ಷ 1956.

ಪಂಚರತ್ನಂ 1969ರಲ್ಲಿ, 35ರ ಹರೆಯದಲ್ಲಿ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಬ್ರಿಸ್ಟಲ್‌ನ ಮೈಕೇಲ್ ಬೆರಿ 1984ರಲ್ಲಿ ಕ್ವಾಂಟಮ್ ವ್ಯವಸ್ಥೆಗಳಲ್ಲಿ ಇಂಥದೇ ಜ್ಯಾಮಿತೀಯ ಫೇಸ್ ಇರುವುದನ್ನು ತೋರಿಸಿದಾಗ ಲೋಕವೆಲ್ಲ ಅದರತ್ತ ತಿರುಗಿತು. ಬೆಂಗಳೂರಿನ ಪ್ರಬಂಧದ ಮಾತು ಅಲ್ಲಿರಲಿಲ್ಲ. 1986ರಲ್ಲಿ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ನ 55ನೆಯ ಸಂಪುಟದಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಒಂದು ಚಿಕ್ಕ ಬರಹ ಪ್ರಕಟಿಸಿ, 1956ರ ಆ ಪುಟಗಳತ್ತ ಬೆರಳು ತೋರಿಸಿದರು. ರಾಮಶೇಷನ್ ಅವರು ಪಂಚರತ್ನಂ ಅವರ ಅಣ್ಣ. ಮರುವರ್ಷವೇ, 1987ರಲ್ಲಿ, ಬೆರಿ ಅವರು ಪಂಚರತ್ನಂ ಹೆಸರನ್ನು ಶೀರ್ಷಿಕೆಯಲ್ಲೇ ಇಟ್ಟು ಪ್ರಬಂಧ ಬರೆದರು. ಇಂದು ಅದು ಪಂಚರತ್ನಂ-ಬೆರಿ ಫೇಸ್.

ಇಲ್ಲಿ ಗಮನಿಸಿ. ಅಕಾಡೆಮಿಯ ‘ಪ್ರೊಸೀಡಿಂಗ್ಸ್’ಗೆ ಆಗ ಎರಡು ವಿಭಾಗಗಳಿದ್ದವು. ಎ ವಿಭಾಗ ಭೌತ ಮತ್ತು ಗಣಿತ ವಿಜ್ಞಾನಗಳಿಗೆ, ಬಿ ವಿಭಾಗ ಜೀವವಿಜ್ಞಾನಕ್ಕೆ. ಎರಡಕ್ಕೂ 44ನೆಯ ಸಂಪುಟವಿದೆ. ‘ಎ’ ಎಂಬ ಒಂದಕ್ಷರ ಬಿಟ್ಟರೆ ಗ್ರಂಥಾಲಯದಲ್ಲಿ ನೀವು ಸಸ್ಯ, ಪ್ರಾಣಿಗಳ ಸಂಪುಟ ಕೈಗೆತ್ತಿಕೊಂಡು, ಇಂಥ ಪ್ರಬಂಧವೇ ಇಲ್ಲ ಎಂದುಕೊಂಡು ಹಿಂದಿರುಗಬಹುದು. ತೀರಿಹೋದ ಲೇಖಕರು ‘ಅದು ನನ್ನದು, ಇಲ್ಲಿದೆ’ ಎಂದು ಬಂದು ಹೇಳಲಾರರು. ಅವರ ಪರವಾಗಿ ಮಾತನಾಡುವುದು ಆ ಒಂದು ಸಾಲಿನ ಉಲ್ಲೇಖ ಮಾತ್ರ.

ಎರಡನೆಯ ಪ್ರಸಂಗ ಹೆಸರಿಗೆ ಸಂಬಂಧಿಸಿದ್ದು. ‘ಎಸ್. ಚಂದ್ರಶೇಖರ್’ ಎಂದರೆ ಯಾರು? ನಕ್ಷತ್ರಗಳ ರಚನೆಯನ್ನು ಅಭ್ಯಸಿಸಿ 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಎನ್ನುವಿರಿ. ಅವರು ರಾಮನ್ ಅವರ ಅಣ್ಣನ ಮಗ. ಆದರೆ ಇನ್ನೊಬ್ಬರಿದ್ದಾರೆ: ಪಂಚರತ್ನಂ ಅವರ ಸಹೋದರ ಶಿವರಾಮಕೃಷ್ಣ ಚಂದ್ರಶೇಖರ್. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದು, 1971ರಲ್ಲಿ ರಾಮನ್ ಸಂಶೋಧನ ಸಂಸ್ಥೆಗೆ ಬಂದು ದ್ರವ ಸ್ಫಟಿಕಗಳ ಪ್ರಯೋಗಾಲಯ ಕಟ್ಟಿದವರು. ದ್ರವ ಸ್ಫಟಿಕವಾಗಲು ಅಣು ಕಡ್ಡಿಯಂತೆ ಉದ್ದವಾಗಿರಬೇಕು ಎಂಬುದು ಅಲ್ಲಿಯವರೆಗಿನ ತಿಳಿವಳಿಕೆ. ಬಿಲ್ಲೆಯಂಥ ಅಣುಗಳೂ ನಾಣ್ಯಗಳ ಹಾಗೆ ಒಂದರ ಮೇಲೊಂದು ಪೇರಿಕೊಂಡು ದ್ರವ ಸ್ಫಟಿಕವಾಗುತ್ತವೆ ಎಂದು ಇವರು ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡನೆ 1977ರಲ್ಲಿ ತೋರಿಸಿದರು. ‘ಪ್ರಮಾಣ’, ಸಂಪುಟ 9, ಪುಟ 471.

ಇಬ್ಬರೂ ಎಸ್. ಚಂದ್ರಶೇಖರ್. ಒಬ್ಬರು 1961ರಲ್ಲಿ ದ್ರವಗಳ ಚಲನೆಯ ಸ್ಥಿರತೆಯ ಬಗ್ಗೆ, ಇನ್ನೊಬ್ಬರು 1977ರಲ್ಲಿ ದ್ರವ ಸ್ಫಟಿಕಗಳ ಬಗ್ಗೆ ಗ್ರಂಥ ಬರೆದರು. ದ್ರವ ಸ್ಫಟಿಕದಲ್ಲಿ ಉಷ್ಣ ಸಂವಹನವನ್ನು ಕುರಿತು ನೀವು ಬರೆದರೆ ಎರಡೂ ಒಂದೇ ಪಟ್ಟಿಗೆ ಬರಬಹುದು. ನಮ್ಮಲ್ಲಿ ಇನಿಷಿಯಲ್ ಎಂದರೆ ತಂದೆಯ ಹೆಸರು ಅಥವಾ ಊರಿನ ಹೆಸರು. ಪಾಶ್ಚಾತ್ಯರ ಕುಟುಂಬನಾಮದ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಆದ್ದರಿಂದ ಶೀರ್ಷಿಕೆ, ಪತ್ರಿಕೆ, ವರ್ಷ ಇವನ್ನು ಬಿಡುವಂತಿಲ್ಲ. 2012ರಲ್ಲಿ ಆರಂಭವಾದ ‘ಆರ್ಕಿಡ್’ ಸಂಖ್ಯೆ ಲೇಖಕರನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ, ನಿಜ. ಆದರೆ ಇವರಿಬ್ಬರೂ ಅದಕ್ಕೂ ಮೊದಲೇ ತೀರಿಕೊಂಡವರು.

ಸಂಸ್ಥೆಗಳ ಹೆಸರೂ ನಿಲ್ಲುವುದಿಲ್ಲ. ಶಿವರಾಮಕೃಷ್ಣ ಚಂದ್ರಶೇಖರ್ 1991ರಲ್ಲಿ ನಾಗಸಂದ್ರಕ್ಕೆ ಹತ್ತಿರದ ಜಾಲಹಳ್ಳಿಯಲ್ಲಿ ದ್ರವ ಸ್ಫಟಿಕ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. ಅದೇ ಈಗ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನಗಳ ಕೇಂದ್ರವಾಗಿ ತುಮಕೂರು ರಸ್ತೆಯ ಆಚೆ ಶಿವನಪುರದಲ್ಲಿದೆ. ಬೆಂಗಳೂರಿನ ಇಂಗ್ಲಿಷ್ ಕಾಗುಣಿತವೂ 2014ರಲ್ಲಿ ಬದಲಾಯಿತು. ಉಲ್ಲೇಖದಲ್ಲಿ ಹಳೆಯದನ್ನು ಹೊಸದಾಗಿ ತಿದ್ದಬಾರದು. ಮೂಲದಲ್ಲಿ ಅಚ್ಚಾದಂತೆಯೇ ಕೊಡಬೇಕು. ಹುಡುಕುವವರ ಕೈಗೆ ಸಿಗುವುದು ಆ ಹೆಸರಿನ ಸಂಪುಟ.

ಈಗ ಉಲ್ಲೇಖಗಳನ್ನು ಜೋಡಿಸಿಕೊಡುವ ತಂತ್ರಾಂಶಗಳಿವೆ. ಅಲ್ಪವಿರಾಮ, ದಪ್ಪಕ್ಷರಗಳನ್ನು ಅವು ಚೆನ್ನಾಗಿಯೇ ನೋಡಿಕೊಳ್ಳುತ್ತವೆ. ಆದರೆ ತಪ್ಪು ವಿಳಾಸ ಕೊಟ್ಟರೆ ಅದನ್ನೂ ಅಷ್ಟೇ ಚೆನ್ನಾಗಿ ಅಲಂಕರಿಸಿಕೊಡುತ್ತವೆ. ಆದ್ದರಿಂದ ಬೇರೊಂದು ಪ್ರಬಂಧದ ಪಟ್ಟಿಯಿಂದ ಉಲ್ಲೇಖವನ್ನು ನಕಲು ಮಾಡಿಕೊಳ್ಳಬೇಡಿ. ಮೂಲ ಪುಟವನ್ನೇ ತೆರೆಯಿರಿ. ಹೆಸರು, ವಿಭಾಗ, ಸಂಪುಟ, ಪುಟ, ವರ್ಷಗಳನ್ನು ಕಣ್ಣಾರೆ ನೋಡಿ ಬರೆದುಕೊಳ್ಳಿ. ಹಸ್ತಪ್ರತಿಯನ್ನು ಕಳುಹಿಸುವ ಮೊದಲು ಪಟ್ಟಿಯನ್ನು ಸ್ನೇಹಿತರೊಬ್ಬರ ಕೈಗೆ ಕೊಟ್ಟು, ಯಾವುದಾದರೂ ಮೂರು ಉಲ್ಲೇಖಗಳನ್ನು ಹುಡುಕಿ ತರಲು ಹೇಳಿ. ಮೂರೂ ಸಿಕ್ಕಿದರೆ ಅದೇ ರೀತಿ ಉಳಿದವನ್ನೂ ಪರೀಕ್ಷಿಸಿ. ಒಂದು ಸಿಗದಿದ್ದರೂ ಇಡೀ ಪಟ್ಟಿಯನ್ನು ಮೊದಲಿನಿಂದ ನೋಡಿ.