ಸಿಗಾರ್ ಪೆಟ್ಟಿಗೆಯ ಕೂದಲು ಮತ್ತು ಉಪ್ಪು

ಸಿಗಾರ್ ಆರೋಗ್ಯಕ್ಕೆ ಕೆಟ್ಟದ್ದು. ಅದನ್ನಿಡುವ ಪೆಟ್ಟಿಗೆ ಮಾತ್ರ ಭೌತವಿಜ್ಞಾನದ ಒಳ್ಳೆಯ ಪಾಠ. ಒಳಗಿನ ಸಾಪೇಕ್ಷ ಆರ್ದ್ರತೆ ಶೇಕಡ 70ರ ಆಸುಪಾಸಿನಲ್ಲಿರಬೇಕು. ಬಹಳ ಇಳಿದರೆ ಎಲೆ ಬಿರಿಯುತ್ತದೆ, ಏರಿದರೆ ಬೂಷ್ಟು ಹಿಡಿಯುತ್ತದೆ. ನೀವೇ ಲೆಕ್ಕ ಹಾಕಿ: 25° ಸೆ.ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿ ಇರಬಲ್ಲದು. ಹಾಗಾದರೆ 10 ಲೀಟರಿನ ಪೆಟ್ಟಿಗೆಯ ಗಾಳಿಯಲ್ಲಿ, ಶೇ. 70ರಲ್ಲಿ, ಇರುವುದು ಕೇವಲ 0.16 ಗ್ರಾಂ! ಮುಚ್ಚಳ ತೆರೆದರೆ ಅದೂ ಹೋಯಿತು. ಆದ್ದರಿಂದಲೇ ಒಳಗೆ ತೇವ ಹೀರಿ ಬಿಡುವ ‘ಸ್ಪ್ಯಾನಿಷ್ ಸೀಡರ್’ ಹಲಗೆ. ಹೆಸರಿಗೆ ಸೀಡರ್, ಕುಟುಂಬದಲ್ಲಿ ನಮ್ಮ ಬೇವಿನ ನೆಂಟ.

ತೇವವನ್ನು ಅಳೆಯುವುದು ಹೇಗೆ? 1783ರಲ್ಲಿ ಜಿನೀವಾದ ಸೊಸ್ಯೂರ್ ತನ್ನ ಆರ್ದ್ರತಾಮಾಪಕದ ವಿವರ ಪ್ರಕಟಿಸಿದ. ಅದರ ಜೀವಾಳ ಮನುಷ್ಯನ ಕೂದಲು. ಜಿಡ್ಡು ತೆಗೆದ ಕೂದಲು ಪೂರ್ತಿ ತೇವಗೊಂಡಾಗ ಸುಮಾರು ಶೇ. 2ರಷ್ಟು ಉದ್ದವಾಗಿ ಮುಳ್ಳನ್ನು ತಿರುಗಿಸುತ್ತದೆ. ಒಣಗಾಳಿ, ತೇವಗಾಳಿ ಎಂಬ ಎರಡು ತುದಿಗಳನ್ನು ಗುರುತಿಸಬಹುದು. ಆದರೆ ಕೂದಲು ಒಂದೇ ಸಮನೆ ಹಿಗ್ಗುವುದಿಲ್ಲ. ನಡುವಿನ ಅಂಕಗಳನ್ನು ನಂಬುವುದೆಂತು?

ಇಲ್ಲಿ ನೆರವಿಗೆ ಬಂದದ್ದು ಉಪ್ಪು. ಹರಳು ಉಳಿದಿರುವ ಪರ್ಯಾಪ್ತ ದ್ರಾವಣ ನೀರಾವಿ ಹೀರಿದರೆ ಇನ್ನಷ್ಟು ಉಪ್ಪು ಕರಗುತ್ತದೆ. ನೀರು ಕಳೆದುಕೊಂಡರೆ ಉಪ್ಪು ಹರಳಾಗುತ್ತದೆ. ಸಾರತೆ ಬದಲಾಗದು, ಆದ್ದರಿಂದ ಅದರ ಮೇಲಿನ ಆರ್ದ್ರತೆಯೂ ಬದಲಾಗದು. 1977ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಗ್ರೀನ್‌ಸ್ಪ್ಯಾನ್ ಇಂಥ ಹಲವು ಲವಣಗಳ ಬೆಲೆಗಳನ್ನು ಕ್ರೋಡೀಕರಿಸಿದ. ಅಡುಗೆ ಉಪ್ಪಿಗೆ 20° ಸೆ.ನಲ್ಲಿ ಶೇ. 75.5, 30° ಸೆ.ನಲ್ಲಿ 75.1.

ಬಾಟಲಿಯ ಮುಚ್ಚಳದಲ್ಲಿ ಒದ್ದೆ ಉಪ್ಪನ್ನಿಟ್ಟು, ಶಾಲೆಯ ಆರ್ದ್ರತಾಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಡಿ. ಮುಳ್ಳು 75ರ ಬದಲು 68 ತೋರಿಸಿತೆನ್ನಿ. ಅಂಥ ಮಾಪಕವನ್ನು ನಂಬಿ 70ಕ್ಕೆ ತಂದ ಪೆಟ್ಟಿಗೆಯಲ್ಲಿ ನಿಜಕ್ಕೂ ಇರುವುದು 77ರ ಆಸುಪಾಸು. ಬೂಷ್ಟಿಗೆ ಅಷ್ಟು ಸಾಕು.