ಕರೋನದ ಹಸುರು ರೇಖೆ ಮತ್ತು ಎಲೆಕ್ಟ್ರಾನಿನ ತಾಡನ

1869ನೆಯ ಆಗಸ್ಟ್ 7ರಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಖಗ್ರಾಸ ಸೂರ್ಯಗ್ರಹಣವು ಸಂಭವಿಸಿತು. ಚಂದ್ರಬಿಂಬದ ಸುತ್ತಲೂ ಬೆಳಗಿದ ಕರೋನವನ್ನು, ಎಂದರೆ ಸೂರ್ಯನ ಹೊರ ಕಿರೀಟವನ್ನು, ರೋಹಿತದರ್ಶಕದಿಂದ ಪರೀಕ್ಷಿಸಿದ ಚಾರ್ಲ್ಸ್ ಯಂಗ್ ಮತ್ತು ವಿಲಿಯಂ ಹಾರ್ಕ್‌ನೆಸ್ ಇಬ್ಬರೂ ಬೇರೆಬೇರೆಯಾಗಿ ಒಂದು ಹಸುರು ರೇಖೆಯನ್ನು ಕಂಡರು. ಅದರ ತರಂಗಮಾನ 5303 ಆಂಗ್‌ಸ್ಟ್ರಾಂ ಎಂದು ಮುಂದೆ ನಿರ್ಣಯವಾಯಿತು. ತಿಳಿದಿದ್ದ ಯಾವ ಧಾತುವೂ ಇಂಥ ರೇಖೆಯನ್ನು ಕೊಡುತ್ತಿರಲಿಲ್ಲವಾದ ಕಾರಣ 'ಕರೋನಿಯಂ' ಎಂಬ ಹೊಸ ಧಾತುವನ್ನು ಕಲ್ಪಿಸಲಾಯಿತು. ಈ ಊಹೆಯನ್ನು ನಾವು ಅಪಹಾಸ್ಯ ಮಾಡಲಾಗದು. 1868ರಲ್ಲಿ ಸೂರ್ಯನ ರೋಹಿತದಲ್ಲಿ ಕಂಡ ಹಳದಿ ರೇಖೆಯಿಂದ ಊಹಿಸಿದ ಹೀಲಿಯಂ 1895ರಲ್ಲಿ ಭೂಮಿಯ ಮೇಲೆಯೇ ದೊರೆಯಿತಷ್ಟೆ. ಆದರೆ ಆವರ್ತಕೋಷ್ಟಕವು ತುಂಬುತ್ತ ಬಂದಂತೆ ಕರೋನಿಯಮಿಗೆ ಅಲ್ಲಿ ಸ್ಥಳವೇ ಉಳಿಯಲಿಲ್ಲ.

1939ರಲ್ಲಿ ಜರ್ಮನಿಯ ವಾಲ್ಟರ್ ಗ್ರೋಟ್ರಿಯನ್ ಮೊದಲ ಸುಳಿವನ್ನು ಕೊಟ್ಟನು. 1943ರ ವೇಳೆಗೆ ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ ರಹಸ್ಯವನ್ನು ಪೂರ್ಣವಾಗಿ ಬಿಡಿಸಿದನು. ಹಸುರು ರೇಖೆಯು ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ್ದು! ಆ ಹದಿಮೂರನೆಯದನ್ನು ಕೀಳಲು ಸುಮಾರು 361 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಸುಮಾರು 5,800 ಡಿಗ್ರಿಯ ಸೂರ್ಯಮಂಡಲದ ಮೇಲ್ಮೈಯಲ್ಲಿ ಕಣಗಳ ಸರಾಸರಿ ಶಕ್ತಿಯು ಒಂದು ಎಲೆಕ್ಟ್ರಾನ್ ವೋಲ್ಟನ್ನೂ ಮುಟ್ಟದು. ಆದುದರಿಂದ ಕರೋನದ ಉಷ್ಣತೆಯು ಹತ್ತು ಇಪ್ಪತ್ತು ಲಕ್ಷ ಡಿಗ್ರಿಗಳಷ್ಟಿರಬೇಕೆಂಬ ತೀರ್ಮಾನವು ಅನಿವಾರ್ಯವಾಯಿತು.

ಈ ಉಷ್ಣತೆಯನ್ನು ನಿಖರವಾಗಿ ಗುಣಿಸುವುದೆಂತು? ಮೇಘನಾದ ಸಾಹಾ 1920ರಲ್ಲಿ ಕೊಟ್ಟ ಪ್ರಸಿದ್ಧ ಸಮೀಕರಣವು ಉಷ್ಣ ಸಮತೋಲವಿರುವಲ್ಲಿ ಮಾತ್ರ ಸಲ್ಲುತ್ತದೆ. ಅತಿ ವಿರಳವಾದ ಕರೋನದಲ್ಲಿ ಆ ಸಮತೋಲವಿಲ್ಲ. ಅಲ್ಲಿ ವೇಗದ ಎಲೆಕ್ಟ್ರಾನು ಅಯಾನಿಗೆ ತಾಡಿಸಿ ಮತ್ತೊಂದು ಎಲೆಕ್ಟ್ರಾನನ್ನು ಹೊರದೂಡುತ್ತದೆ. ಅಯಾನು ಬೇರೊಂದು ಎಲೆಕ್ಟ್ರಾನನ್ನು ಸೆರೆಹಿಡಿದಾಗ ಹೊಮ್ಮುವ ಬೆಳಕು ಹಿಂದಿರುಗಿ ಬಾರದೆ ಹೊರಟುಹೋಗುತ್ತದೆ. ಎರಡು ಕ್ರಿಯೆಗಳ ವೇಗವೂ ಎಲೆಕ್ಟ್ರಾನುಗಳ ಸಾಂದ್ರತೆಯನ್ನು ಒಂದೇ ರೀತಿಯಲ್ಲಿ ಅನುಸರಿಸುವುದರಿಂದ, ಅವುಗಳ ನಿಷ್ಪತ್ತಿಯಲ್ಲಿ ಸಾಂದ್ರತೆಯು ಮಾಯವಾಗಿ ಉಷ್ಣತೆಯೊಂದೇ ಉಳಿಯುತ್ತದೆ.

ಆದರೂ ತೊಡಕು ತೀರಲಿಲ್ಲ. ಹೀಗೆ ಗುಣಿಸಿದ ಉಷ್ಣತೆಯು ರೇಖೆಗಳ ಅಗಲದಿಂದ ದೊರೆತುದರ ಸುಮಾರು ಅರ್ಧದಷ್ಟೇ ಇದ್ದಿತು. ತಾಡನದ ಗಣಿತವೇ ತಪ್ಪೆಂದು ಶಂಕಿಸುವುದು ಸುಲಭವಾಗಿದ್ದಿತು. 1964ರಲ್ಲಿ ಅಲನ್ ಬರ್ಜೆಸ್ ದೋಷವು ಮುಖ್ಯವಾಗಿ ಇನ್ನೊಂದು ತಟ್ಟೆಯಲ್ಲಿದೆಯೆಂದು ತೋರಿಸಿದನು. ಒಳಬರುವ ಎಲೆಕ್ಟ್ರಾನು ಅಯಾನಿನಲ್ಲಿರುವ ಎಲೆಕ್ಟ್ರಾನೊಂದನ್ನು ಮೇಲಿನ ಮಟ್ಟಕ್ಕೇರಿಸಿ ತಾನೂ ಸೆರೆಯಾಗಬಹುದು. ಬಳಿಕ ಬೆಳಕು ಹೊಮ್ಮಿ ಆ ಸೆರೆ ಸ್ಥಿರವಾಗುತ್ತದೆ. ಈ ಇಮ್ಮಡಿ ಉದ್ರೇಕದ ಸೆರೆಯನ್ನು ಲೆಕ್ಕಕ್ಕೆ ಸೇರಿಸಿದಾಗ, ಅಷ್ಟೇ ಅಯಾನೀಕರಣವನ್ನು ಕಾಪಾಡಲು ಹೆಚ್ಚಿನ ಉಷ್ಣತೆ ಅವಶ್ಯವಾಯಿತು. ಎರಡು ಅಳತೆಗಳೂ ಹತ್ತಿರ ಬಂದುವು.

1986ರಲ್ಲಿ ಕ್ಯಾಲಿಫೋರ್ನಿಯದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಸಿದ್ಧವಾದ ಎಲೆಕ್ಟ್ರಾನ್ ಕಿರಣದ ಅಯಾನುಬೋನಿನಿಂದ ಇಂಥ ತಾಡನಗಳನ್ನು ಭೂಮಿಯ ಮೇಲೆಯೇ ಅಳೆಯುವುದು ಸಾಧ್ಯವಾಯಿತು. ಗ್ರಹಣದ ಕೆಲವೇ ನಿಮಿಷಗಳಲ್ಲಿ ಕಂಡ ಒಂದು ರೇಖೆಯು ಹೊಸ ಧಾತುವನ್ನು ಕೊಡಲಿಲ್ಲ. ಹಳೆಯ ಕಬ್ಬಿಣದ ಅಪರಿಚಿತ ಸ್ಥಿತಿಯೊಂದನ್ನು ತೋರಿಸಿತು. ಸಮೀಕರಣವನ್ನು ಬಳಸುವ ಮುನ್ನ ಅದರ ಷರತ್ತುಗಳನ್ನು ವಿಚಾರಿಸಬೇಕೆಂಬ ಪಾಠವೂ ಅದರೊಡನೆ ದೊರೆಯಿತು.