ಸೆರೆಂಡಿಪಿಟಿ: ಸಿಂಹಳದ ಹೆಸರು ಹೊತ್ತ ಪದ

ಹುಟ್ಟಿದ ದಿನ ಗೊತ್ತಿರುವ ಪದಗಳು ಯಾವ ಭಾಷೆಯಲ್ಲೂ ಕಡಿಮೆ. ಇಂಗ್ಲಿಷಿನ ‘ಸೆರೆಂಡಿಪಿಟಿ’ ಅಂಥದ್ದೊಂದು. 1754ರ ಜನವರಿ 28ರಂದು ಲೇಖಕ ಹೊರೇಸ್ ವಾಲ್‌ಪೋಲ್ ಫ್ಲಾರೆನ್ಸಿನಲ್ಲಿದ್ದ ಗೆಳೆಯ ಹೊರೇಸ್ ಮನ್‌ಗೆ ಬರೆದ ಪತ್ರದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ವೆನಿಸ್‌ನಲ್ಲಿ ಹುಟ್ಟಿ ಫ್ಲಾರೆನ್ಸಿನ ಮೆದಿಚಿ ದೊರೆಯ ಮಡದಿಯಾದ ಬಿಯಾಂಕಾ ಕಪೆಲ್ಲೊಳ, ಮನ್ ಕಳಿಸಿದ್ದ ಭಾವಚಿತ್ರ ಆಗಷ್ಟೇ ಕೈಸೇರಿತ್ತು. ವೆನಿಸ್ ಮನೆತನಗಳ ಲಾಂಛನಗಳಿದ್ದ ಹಳೆಯ ಪುಸ್ತಕವೊಂದರಲ್ಲಿ, ಕಪೆಲ್ಲೊ ಲಾಂಛನದೊಳಗೆ ಮೆದಿಚಿ ಮನೆತನದ ಗುರುತು ಸೇರಿಕೊಂಡಿರುವುದು ವಾಲ್‌ಪೋಲ್‌ನ ಕಣ್ಣಿಗೆ ಬಿತ್ತು. ಇಂಥ ಪತ್ತೆಗೆ ಹೆಸರಿಡಲು ಅವನು ನೆನೆದದ್ದು ಸೆರೆಂಡಿಪ್‌ನ ಮೂವರು ರಾಜಕುಮಾರರ ಕಥೆಯನ್ನು.

ಸೆರೆಂಡಿಪ್ ಎಂದರೆ ಇಂದಿನ ಶ್ರೀಲಂಕಾ. ಸಂಸ್ಕೃತದ ಸಿಂಹಳದ್ವೀಪ ಪಾಲಿಯಲ್ಲಿ ಸೀಹಳದೀಪವಾಗಿ, ಅರಬರ ಬಾಯಲ್ಲಿ ಸರಂದೀಬ್ ಆಯಿತು. 4ನೇ ಶತಮಾನದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್ ಅಲ್ಲಿಯವರನ್ನು ‘ಸೆರೆಂದಿವಿ’ ಎಂದು ಕರೆದಿದ್ದಾನೆ. ಇಂಗ್ಲಿಷ್ ಪದದ ನಡುವಿನ ‘ಡಿಪ್’ ನಮ್ಮ ದ್ವೀಪವೇ.

ಕಥೆ ಇಟಾಲಿಯನ್ನಿನಲ್ಲಿ ಅಚ್ಚಾದದ್ದು 1557ರಲ್ಲಿ, ವೆನಿಸ್‌ನಲ್ಲಿ. ಅದರ ಪಾರಸಿ ಮೂಲಗಳಲ್ಲಿ ಅಮೀರ್ ಖುಸ್ರೋನ ‘ಹಷ್ತ್ ಬಿಹಿಷ್ತ್’ ಮುಖ್ಯವಾದದ್ದು. ಕಥೆಯಲ್ಲಿ ಒಂಟೆ ಕಳೆದುಕೊಂಡವನೊಬ್ಬ ರಾಜಕುಮಾರರಿಗೆ ಎದುರಾಗುತ್ತಾನೆ. ಒಂಟೆಯನ್ನು ಕಾಣದೆಯೇ ಅವರು ಅದಕ್ಕೆ ಒಂದು ಕಣ್ಣಿಲ್ಲ, ಒಂದು ಹಲ್ಲಿಲ್ಲ, ಕಾಲು ಕುಂಟು ಎನ್ನುತ್ತಾರೆ. ಒಂದು ಮಗ್ಗುಲಲ್ಲಿ ಬೆಣ್ಣೆ, ಇನ್ನೊಂದರಲ್ಲಿ ಜೇನು ಹೇರಿತ್ತೆಂದೂ ಸೇರಿಸುತ್ತಾರೆ. ಕಳ್ಳರೆಂದು ಸೆರೆಮನೆ ಸೇರಿದ ಮೇಲೆ ಗುಟ್ಟು ಬಿಡುತ್ತಾರೆ: ದಾರಿಯ ಒಂದೇ ಬದಿಯ ಹುಲ್ಲು ಮೇಯ್ದಿತ್ತು, ಬೆಣ್ಣೆಗೆ ಇರುವೆ, ಜೇನಿಗೆ ನೊಣ ಮುತ್ತಿದ್ದವು. ವಾಲ್‌ಪೋಲ್ ತನ್ನ ಪತ್ರದಲ್ಲಿ ಒಂಟೆಯನ್ನು ಹೇಸರಗತ್ತೆ ಮಾಡಿದ್ದಾನೆ. ನೆನಪಿನಿಂದ ಬರೆದವನ ತಪ್ಪು, ಬಿಡಿ.

ಈ ಪ್ರಸಂಗದಲ್ಲಿ ಅದೃಷ್ಟದ ಪಾಲು ಅಲ್ಪ. ರಾಜಕುಮಾರರದು ಪತ್ತೇದಾರಿ ಬುದ್ಧಿ. ವಾಲ್‌ಪೋಲ್ ಕೊಟ್ಟ ಅರ್ಥದಲ್ಲೂ ಆಕಸ್ಮಿಕ, ಜಾಣ್ಮೆ ಎರಡೂ ಜೊತೆಗಿದ್ದವು. ಹುಡುಕದೇ ಇದ್ದದ್ದು ಸಿಗಬೇಕು, ಸಿಕ್ಕಿದ್ದನ್ನು ಗುರುತಿಸುವ ಕಣ್ಣೂ ಇರಬೇಕು. ಇಂದಿನ ಜಾಹೀರಾತುಗಳು ಎರಡನೆಯದನ್ನು ಕೈಬಿಟ್ಟು, ಪದವನ್ನು ಬರೀ ‘ಸಿಹಿಯಾದ ಅದೃಷ್ಟ’ಕ್ಕೆ ಇಳಿಸಿವೆ. ನನ್ನ ತಕರಾರು ಇದೇ.

ಮನ್‌ಗೆ ಬರೆದ ಪತ್ರಗಳು 1833ರಲ್ಲಿ ಪ್ರಕಟವಾದರೂ ಪದ ಬಹುಕಾಲ ಪುಸ್ತಕಪ್ರಿಯರ ನಡುವೆಯೇ ಉಳಿಯಿತು. ಅದನ್ನು ಪ್ರಯೋಗಾಲಯಕ್ಕೆ ತಂದವರಲ್ಲಿ ಪ್ರಮುಖ ಹಾರ್ವರ್ಡಿನ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್. 1945ರ ತನ್ನ ಪುಸ್ತಕದಲ್ಲಿ ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್, ಎಲಿನಾರ್ ಬಾರ್ಬರ್ ಜೊತೆಗೂಡಿ ಈ ಪದದ ಚರಿತ್ರೆಯನ್ನು 1958ರಲ್ಲೇ ಬರೆದು ಮುಗಿಸಿದ್ದ. ಇಂಗ್ಲಿಷಿನಲ್ಲಿ ಅದು ಹೊರಬಂದದ್ದು 2004ರಲ್ಲಿ.

ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? ಕಾಕತಾಳೀಯದಲ್ಲಿ ಜಾಣ್ಮೆಗೆ ಎಡೆಯಿಲ್ಲ. ಘುಣಾಕ್ಷರ ನ್ಯಾಯದ ಹುಳುವಿಗೆ ತಾನು ಕೊರೆದದ್ದು ಅಕ್ಷರವೆಂದೇ ತಿಳಿಯದು. ‘ಹುಡುಕುವ ಬಳ್ಳಿ ಕಾಲಿಗೆ ತೊಡರಿತು’ ಎನ್ನೋಣವೆಂದರೆ ಅಲ್ಲಿ ಬಳ್ಳಿಯನ್ನು ಹುಡುಕುತ್ತಲೇ ಇದ್ದೇವೆ. ಆದ್ದರಿಂದ ಸೆರೆಂಡಿಪಿಟಿ ಎಂದೇ ಬರೆಯುವುದು ಲೇಸು. ಸಿಂಹಳವೂ ದ್ವೀಪವೂ ನಮಗೆ ಹೊಸ ಮಾತುಗಳಲ್ಲ.